ನೆನಪು ಕರ್ತವ್ಯವಾಗುವ ಬಗೆ



ಕಳೆದುಹೋದುದನ್ನು ನೆನೆಯುವ ಶಕ್ತಿ ಮನುಷ್ಯನಿಗೆ ಏತಕ್ಕಾಗಿ ಬಂದಿದೆ? ಮರುಗುವುದಕ್ಕೆ, ಇಲ್ಲವೆ ಹೆಮ್ಮೆಪಡುವುದಕ್ಕೆ ಮಾತ್ರವೆಂದಾದರೆ ಸಮಾಜಕ್ಕೆ ಅದರಿಂದ ಆಗುವ ಪ್ರಯೋಜನ ಅತ್ಯಲ್ಪ. ನಮ್ಮ ನೆರೆಯಲ್ಲಿಯೇ ನಡೆದ ಒಂದು ಘಟನೆಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಹಳಿಯಾಳದಿಂದ ದಾಂಡೇಲಿಯನ್ನು ಹಾಯ್ದು ಜೋಯಿಡಾದತ್ತ ಹೊರಟವರು ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟನ್ನು ಕಾಣುತ್ತಾರೆ. 1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಈ ಕಟ್ಟು ಕಾಳಿ ನದಿಯನ್ನು ತಡೆದು ನಾಗಝರಿ ವಿದ್ಯುದಾಗಾರಕ್ಕೆ ನೀರನ್ನು ಒದಗಿಸುತ್ತಿದೆ. ನೋಡಿದವರು ಅದರ ಹಿರಿಮೆಯನ್ನು ಕೊಂಡಾಡುವುದು ಸಹಜವೇ. ಆದರೆ ಸೂಪಾ ಎಂಬುದು ಮೊದಲು ಅಣೆಕಟ್ಟಿನ ಹೆಸರಲ್ಲ, ಒಂದು ಊರಿನ ಹೆಸರು. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿದ್ದ ಆ ಊರು ಸುತ್ತಲಿನ ಹಳ್ಳಿಗಳೊಡನೆ ಜಲಾಶಯದಲ್ಲಿ ಮುಳುಗಿತು. ಅಲ್ಲಿಯ ಜನ ರಾಮನಗರ ಮೊದಲಾದೆಡೆಗಳಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು.

ನಾಡಿನ ಹಿತಕ್ಕಾಗಿ ಅವರು ತ್ಯಾಗ ಮಾಡಿದರೆಂದು ಹೇಳುವುದು ರೂಢಿ. ಸ್ವಲ್ಪ ತಡೆದು ಯೋಚಿಸಿರಿ. ತಾನಾಗಿ ಕೊಟ್ಟದ್ದು ತ್ಯಾಗ. ಅನ್ಯರು ನಿರ್ಧರಿಸಿ ತೆಗೆದುಕೊಂಡದ್ದು ನಷ್ಟ. ನಷ್ಟಕ್ಕೆ ತ್ಯಾಗವೆಂದು ಹೆಸರಿಟ್ಟೊಡನೆ ನಮ್ಮ ಋಣ ತೀರಿತೆಂಬ ಭ್ರಮೆ ಹುಟ್ಟುತ್ತದೆ. ಋಣವನ್ನು ಮರೆತವನು ಪಾಠವನ್ನೂ ಮರೆಯುತ್ತಾನೆ.

2019ರ ಆಗಸ್ಟ್ ತಿಂಗಳ ಭಾರಿ ಮಳೆಯಲ್ಲಿ, ಅದೇ ನದಿಯ ಕೆಳಗಿನ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ತೀರದ ಹಳ್ಳಿಗಳಿಗೆ ನುಗ್ಗಿತು. ಒಮ್ಮೆ ತಡೆದ ನೀರು ಮೇಲಿನವರ ಮನೆಗಳನ್ನು ಮುಳುಗಿಸಿತು. ಇನ್ನೊಮ್ಮೆ ಬಿಟ್ಟ ನೀರು ಕೆಳಗಿನವರ ಮನೆಗಳನ್ನು ಹೊಕ್ಕಿತು. ಕಾರಣಗಳು ಬೇರೆ, ಪ್ರಶ್ನೆ ಒಂದೇ: ಈ ಭಾರ ಯಾರ ಹೊಸ್ತಿಲಿಗೆ ಬೀಳುವುದೆಂದು ಮೊದಲೇ ಕೇಳಿದವರುಂಟೆ?

ಆದುದರಿಂದ ಮುಳುಗಡೆಯನ್ನು ಕಂಡ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಬಳಿ ಕುಳಿತು ಕೇಳಿರಿ. ಸುದ್ದಿ ಎಷ್ಟು ಮುಂಚೆ ತಲುಪಿತು? ಕಾಗದಪತ್ರವಿಲ್ಲದೆ ಉಳುತ್ತಿದ್ದವನಿಗೆ, ಕೂಲಿಯಾಳಿಗೆ ಏನು ದೊರೆಯಿತು? ಹೊಸ ನೆಲೆಯಲ್ಲಿ ಕುಡಿಯುವ ನೀರು ಎಂದು ಬಂತು? ಕೇಳಿದ್ದನ್ನು ಬರೆದಿಡಿರಿ. ನಾಳೆ ನಮ್ಮ ಸೀಮೆಗೆ ಇನ್ನೊಂದು ಯೋಜನೆ ಬಂದಾಗ, ಅದರ ಲಾಭಗಳ ಪಟ್ಟಿಗಿಂತ ಮೊದಲು ಈ ಬರಹವನ್ನು ಊರ ಸಭೆಯಲ್ಲಿ ಓದಿಸಿರಿ.

ಇದು ಯಾರ ಮೇಲೂ ಹಗೆ ಸಾಧಿಸುವ ಕೆಲಸವಲ್ಲ. ಕಟ್ಟುವುದನ್ನೇ ಬೇಡವೆನ್ನುವ ಮಾತೂ ಅಲ್ಲ. ಸಕಲರ ಹಿತವೆಂದು ನಾವು ಹೇಳುವಾಗ, ಮನೆ ಕಳೆದುಕೊಳ್ಳುವವನೂ ಆ ಸಕಲರಲ್ಲಿ ಸೇರಿದ್ದಾನೆಯೆ ಎಂದು ಕೇಳುವ ಎಚ್ಚರ ನಮಗೆ ಬರಬೇಕು. ಆ ಎಚ್ಚರ ಬಂದಲ್ಲಿ ಮಾತ್ರ ನೆನಪು ಕರ್ತವ್ಯವಾಗುತ್ತದೆ.