ಬಗ್ಗಿ ಬಡಿಸಲು ಬರುವ ಸೀರೆ

ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಇನ್ನೂ ಕಣದಲ್ಲಿ ಒಣಗುತ್ತಿರುವಾಗಲೇ ಸಕಲೇಶಪುರ, ಆಲೂರು ಕಡೆಯ ಮನೆಗಳಿಗೆ ಲಗ್ನಪತ್ರಿಕೆಗಳು ಬರಲು ಶುರುವಾಗುತ್ತವೆ. ಧನುರ್ಮಾಸ ಕಳೆದ ಮೇಲೆ ಮಾಘದಿಂದ ಜ್ಯೇಷ್ಠದವರೆಗೆ ನಮ್ಮಲ್ಲಿ ಮದುವೆಗಳ ಕಾಲ. ಆಮೇಲೆ ಆಷಾಢ, ಬಿಡದೆ ಹೊಯ್ಯುವ ಮಳೆ. ಯಾರೂ ಚಪ್ಪರದ ಮಾತೆತ್ತುವುದಿಲ್ಲ. ಹಾಗಾಗಿ ಒಂದು ವರ್ಷದ ನಂಟಸ್ತಿಕೆಯೆಲ್ಲ ನಾಲ್ಕೈದು ತಿಂಗಳಲ್ಲಿ ನಡೆದುಹೋಗಬೇಕು. ಪತ್ರಿಕೆ ಕೊಡಲು ಬಂದವರು ಕಾಫಿ ಕುಡಿದು ಗೇಟು ದಾಟುವಷ್ಟರಲ್ಲಿ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ: ‘ಈ ಮದ್ವೆಗೆ ಏನು ಉಟ್ಕಳದು?’

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವವರಲ್ಲಿ ನಾನಿಲ್ಲ. ಕರೆದವರ ಮನೆಗೆ ಒಪ್ಪವಾಗಿ ಹೋಗುವುದು ಅವರಿಗೆ ನಾವು ಕೊಡುವ ಮರ್ಯಾದೆ. ಆದರೆ ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಆ ಮದುವೆಯಲ್ಲಿ ನನ್ನ ಕೆಲಸ ಏನು? ಇದಕ್ಕೆ ಉತ್ತರ ಹುಡುಕದೆ ಹಾಸನದ ಬಸ್ಸು ಹತ್ತಿದರೆ ಅಂಗಡಿಯವರು ತೋರಿಸಿದ್ದೇ ನಮಗೆ ಬೇಕಾದದ್ದಾಗಿಬಿಡುತ್ತದೆ.

ಕೆಲಸ ಎಂದು ಸುಮ್ಮನೆ ಹೇಳುತ್ತಿಲ್ಲ. ತೋಟದ ನಡುವೆ ದೂರದೂರ ಮನೆಗಳಿರುವ ಈ ಸೀಮೆಯಲ್ಲಿ ಮದುವೆಗೆ ಹೋದವರು ನೋಡಿಕೊಂಡು ಬರುವವರಾಗಿ ಯಾವತ್ತೂ ಇರಲಿಲ್ಲ. ಹಿಂದಿನ ದಿನವೇ ಹೋಗಿ ಚಪ್ಪರಕ್ಕೆ ಅಡಿಕೆ ದಬ್ಬೆ ಕಟ್ಟುವುದು, ತರಕಾರಿ ಹೆಚ್ಚುವುದು, ಬಂದ ನಂಟರಿಗೆ ಮಲಗಲು ಜಾಗ ಮಾಡಿಕೊಡುವುದು, ಇವೆಲ್ಲ ಅಕ್ಕಪಕ್ಕದವರ ಪಾಲಿನ ಕೆಲಸಗಳಾಗಿದ್ದವು. ಈಗ ಮದುವೆ ಕಲ್ಯಾಣ ಮಂಟಪಕ್ಕೆ ಹೋಗಿದೆ, ಅಡುಗೆ ಕಂಟ್ರಾಕ್ಟಿಗೆ ಹೋಗಿದೆ. ಆದರೂ ಬಾಗಿಲಲ್ಲಿ ನಿಂತು ಬಂದವರನ್ನು ಹೆಸರು ಹಿಡಿದು ಮಾತಾಡಿಸಲು, ಕಣ್ಣು ಮಂಜಾದ ದೊಡ್ಡಮ್ಮನನ್ನು ಕೈಹಿಡಿದು ಊಟದ ಪಂಕ್ತಿಗೆ ಕೂರಿಸಲು, ತಾಂಬೂಲ ಹಂಚಲು ಕಂಟ್ರಾಕ್ಟರ್ ಬರುವುದಿಲ್ಲ. ಬೀಗರ ಊಟದ ದಿನವಂತೂ ಎಲೆಯ ಮುಂದೆ ನಿಂತು ‘ಇನ್ನೊಂದು ಕಡುಬು ಹಾಕುಸ್ಕಳಿ’ ಎಂದು ಒತ್ತಾಯ ಮಾಡಲು ಮನೆಯವರೇ ಬೇಕು. ಸೆರಗು ಹಿಡಿದುಕೊಳ್ಳುವುದರಲ್ಲೇ ಒಂದು ಕೈ ತೊಡಗಿದ್ದರೆ ಇದರಲ್ಲಿ ಅರ್ಧವನ್ನೂ ಮಾಡಲಾಗದು.

ಇದನ್ನು ನಾನು ಕಲಿತದ್ದು ನಮ್ಮ ಅತ್ತಿಗೆಯಿಂದ. ಒಂದು ಮದುವೆಯ ಬಟ್ಟೆಗೆಂದು ಅವರ ಜೊತೆ ಹಾಸನಕ್ಕೆ ಹೊರಟಿದ್ದೆ. ಹೊರಡುವ ಹಿಂದಿನ ರಾತ್ರಿಯೇ ಅವರು ಬೀರು ತೆಗೆದು, ಇದ್ದ ಸೀರೆಗಳನ್ನೆಲ್ಲ ಮಂಚದ ಮೇಲಿಟ್ಟು ಒಂದೊಂದರ ಬ್ಲೌಸನ್ನೂ ಹಾಕಿ ನೋಡಿದ್ದರು. ಸೀರೆ ಎಂದೂ ಚಿಕ್ಕದಾಗುವುದಿಲ್ಲ, ಮೈಗೆ ಬಿಗಿಯಾಗುವುದು ಬ್ಲೌಸು. ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಟ್ಟರೆ ಎಷ್ಟೋ ಸೀರೆಗಳು ಮತ್ತೆ ಉಡಲು ಬರುತ್ತವೆ. ಧಾರೆಯ ದಿನಕ್ಕೆ ಅಂಥದೊಂದು ಸೀರೆ ಅವರಿಗೆ ಸಿಕ್ಕಿತು. ಬೇಕಿದ್ದದ್ದು ಬೀಗರ ಊಟಕ್ಕೆ ಮಾತ್ರ. ಅಂಗಡಿಗೆ ಹೋಗುವ ಮುಂಚೆಯೇ ಅರ್ಧ ಖರ್ಚು ಉಳಿದಿತ್ತು.

ಹಾಸನದ ಅಂಗಡಿಯಲ್ಲಿ ಗಾದಿಯ ಮೇಲೆ ಕೂತ ಕೂಡಲೇ ಹುಡುಗ ವಾಡಿಕೆಯಂತೆ, “ಯಾವ ರೇಂಜಲ್ಲಿ ತೋರಿಸ್ಲಿ ಅಕ್ಕ?” ಎಂದ. ನಾವು ಸಾಮಾನ್ಯವಾಗಿ ‘ತೋರ್ಸಪ್ಪ, ನೋಡಣ’ ಎನ್ನುತ್ತೇವೆ. ಅತ್ತಿಗೆ ಹಾಗನ್ನಲಿಲ್ಲ. “ಮೂರು ಸಾವಿರದೊಳಗೆ ಇರ್ಲಿ. ಮದ್ವೆ ಮನೇಲಿ ಬಡ್ಸಕ್ಕೆ ನಿಲ್ತೀನಿ ಕಣಪ್ಪ. ಸೆರಗು ಜಾರಬಾರ್ದು, ನೆರಿಗೆ ನಿಲ್ಬೇಕು, ಕಲ್ಲು ಮಿಂಚು ಏನೂ ಬೇಡ,” ಎಂದರು. ಹುಡುಗ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಮುಂದಿನ ಸಾಲಿನ ಜಗಮಗಿಸುವ ಸೀರೆಗಳನ್ನು ಮುಟ್ಟದೆ ಒಳಗಿನ ರ‍್ಯಾಕಿನಿಂದ ಐದಾರು ಸೀರೆ ತಂದು ಹರಡಿದ.

ಅತ್ತಿಗೆ ಎದ್ದು ಒಂದನ್ನು ಉಟ್ಟಿದ್ದ ಸೀರೆಯ ಮೇಲೆಯೇ ಸುತ್ತಿಕೊಂಡು, ನೆರಿಗೆ ಸಿಕ್ಕಿಸಿ, ಹೆಗಲಿಗೆ ಪಿನ್ನು ಹಾಕಿದರು. ಎಡಗೈಯಲ್ಲಿ ಸಾರಿನ ಬಕೆಟ್, ಬಲಗೈಯಲ್ಲಿ ಸೌಟು ಇದ್ದ ಹಾಗೆ ಸೊಂಟ ಬಗ್ಗಿಸಿ, ಎಲೆಯಿಂದ ಎಲೆಗೆ ಹೋಗುವಂತೆ ನಾಲ್ಕು ಹೆಜ್ಜೆ ನಡೆದರು. ಪಕ್ಕದ ಗಾದಿಯಲ್ಲಿದ್ದವರು ಮಾತು ನಿಲ್ಲಿಸಿ ನೋಡಿದರು. ಮೊದಲನೆಯದರ ಸೆರಗು ಮೊಣಕೈಗೆ ಇಳಿಯಿತು, ತೆಗೆದಿಟ್ಟರು. ಎರಡನೆಯದು ಗರಿಗರಿಯಾಗಿ ಸೊಂಟದ ಹತ್ತಿರ ಉಬ್ಬಿ ನಿಂತಿತು. ಮೂರನೆಯದರಲ್ಲಿ ಬಗ್ಗಿದರು, ತಿರುಗಿದರು, ಮಂಡಿಯೂರಿ ಕೂತು ಎದ್ದರು. ನೆರಿಗೆ ಇದ್ದ ಹಾಗೇ ಇತ್ತು. “ಇದೇ ಇರ್ಲಿ.” ಅದರ ಬಣ್ಣ ತಿಳಿ ಹಸಿರೋ ಗಿಳಿ ಹಸಿರೋ ಎಂದು ಬಾಗಿಲ ಬೆಳಕಿಗೆ ಹಿಡಿದು ನೋಡಿದ್ದು ಅದಾದ ಮೇಲೆ.

ಆಯ್ಕೆ ಮಾಡಲಾಗದೆ ಒದ್ದಾಡುವವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಉಪದೇಶ ಮಾಡುವವರು ಬಹಳ. ಅತ್ತಿಗೆಯ ಮನಸ್ಸು ನನ್ನದಕ್ಕಿಂತ ಗಟ್ಟಿ ಎಂದು ನನಗನಿಸಿಲ್ಲ. ಚೆಂದದ ಸೀರೆ ಕಂಡರೆ ಅವರಿಗೂ ಆಸೆಯಾಗುತ್ತದೆ. ಆದರೆ ಅವರು ಒರೆಗಲ್ಲನ್ನು ಮನೆಯಿಂದಲೇ ತಂದಿದ್ದರು. ಮಾಲು ಕಣ್ಣ ಮುಂದೆ ಹರಡಿದ ಮೇಲೆ ಒರೆಗಲ್ಲು ಹುಡುಕಿದರೆ ಸಿಗುವುದಿಲ್ಲ. ಇದು ಸೀರೆಗೆ ಮಾತ್ರ ಸಲ್ಲುವ ಮಾತಲ್ಲ. ದುಡ್ಡಿನ ಮಿತಿ, ಅದರ ಜೊತೆಗೆ ಆ ವಸ್ತುವಿನಿಂದ ನಮಗೆ ಆಗಬೇಕಾದ ಕೆಲಸ, ಇವೆರಡನ್ನೂ ಅಂಗಡಿಯವನಿಗೆ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಕೊಂಡರೆ ಸಾಕು. ಸಂಕೋಚ ಪಡಬೇಕಾದ್ದೇನಿಲ್ಲ; ಅವನ ಕೆಲಸವೂ ಹಗುರಾಗುತ್ತದೆ.

ಬಟ್ಟೆಯ ಗುಣವನ್ನೂ ಸ್ವಲ್ಪ ತಿಳಿದಿರಬೇಕು. ಮೈಸೂರು ರೇಷ್ಮೆ ಮೈಗೆ ಹೊಂದಿಕೊಂಡು ಇಳಿಯುವುದು ಅದರ ನೂಲನ್ನು ಹುರಿಗೊಳಿಸಿ ನೇಯುವುದರಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಲ್ಲಿ ಇಂದಿಗೂ ಅದನ್ನು ನೇಯುತ್ತಾರೆ. ಪ್ರತಿ ಸೀರೆಗೂ ಅದರದೇ ಸಂಕೇತ ಸಂಖ್ಯೆ ಇರುತ್ತದೆ. ಆದರೆ ಬೆಲೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ದೊಡ್ಡ ಜರಿಯಂಚಿನ ಕಂಚಿ ಸೀರೆ ಮಣೆಯ ಮೇಲೆ ಕೂರುವ ತಾಯಂದಿರಿಗೆ ಶೋಭೆ, ಓಡಾಡುವವರಿಗೆ ಭಾರ. ಹತ್ತಿ ರೇಷ್ಮೆ ಬೆರೆತ ಇಳಕಲ್ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ನಿಲುವೂ ಚೆನ್ನ, ನೆರಿಗೆಯೂ ಚೆನ್ನ, ನಮ್ಮ ಕಡೆಯವರು ಅದನ್ನು ಇನ್ನೂ ಹೆಚ್ಚು ಉಡಬೇಕು ಎಂಬುದು ನನ್ನ ಆಸೆ. ನೆಟ್ಟಿನವು, ಕಲ್ಲಿನ ಕೆಲಸದವು ಬಳೆಗೂ ಕಾಲುಂಗುರಕ್ಕೂ ಸಿಕ್ಕಿಕೊಳ್ಳುತ್ತವೆ. ರೇಷ್ಮೆಯ ಬೆಲೆ ಕೊಡುವುದಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಬಂದ ಗುರುತು ಅದು. ಕೇಳಿದರೆ ಅಂಗಡಿಯವರು ಏನಂದುಕೊಳ್ಳುತ್ತಾರೋ ಎಂಬ ಅಳುಕು ಬೇಡ.

ಇನ್ನೊಂದು ವಿಷಯವನ್ನು ಬೀರುವಿನ ಮುಂದೆ ನಿಂತಾಗಲೇ ನೆನೆಯಬೇಕು: ಕರೆದವರ ಮನೆಗೆ ಈ ವರ್ಷ ಹೇಗಿತ್ತು? 2018ರ ಆಗಸ್ಟ್ ಮಳೆಗೆ ಶಿರಾಡಿ ಘಾಟಿ ಕುಸಿದು ರಸ್ತೆ, ರೈಲು ಎರಡೂ ನಿಂತವು. ತೋಟಗಳಲ್ಲಿ ಕಾಯಿ ಉದುರಿತು, ಕೆಲವರ ಗದ್ದೆಯ ಮೇಲೆ ಮಣ್ಣು ಬಂದು ಕೂತಿತು. ಮುಂದಿನ ಬೇಸಿಗೆಯಲ್ಲೂ ಮದುವೆಗಳು ನಡೆದವು, ಸಾಲ ಮಾಡಿ ನಡೆಸಿದ ಮದುವೆಗಳು. 2024ರ ಹೊತ್ತಿಗೆ ರೋಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂತು; ಆ ಋತುವಿನ ಮದುವೆಗಳ ಬೆಳಕೇ ಬೇರೆ. ಆದರೆ ಬೆಲೆ ಬಂದ ವರ್ಷವೂ ಎಲ್ಲರ ಮನೆಗೂ ಒಂದೇ ಸಮ ಬರುವುದಿಲ್ಲ. ಬೆಲೆ ಏರುವ ಮುಂಚೆಯೇ ಫಸಲು ಮಾರಿಕೊಂಡವರಿರುತ್ತಾರೆ, ಆನೆ ನುಗ್ಗಿ ತೋಟ ಕಳೆದುಕೊಂಡವರಿರುತ್ತಾರೆ, ತೋಟವೇ ಇಲ್ಲದೆ ಕೂಲಿಯಲ್ಲಿ ಮಗಳ ಮದುವೆ ಮಾಡುವವರಿರುತ್ತಾರೆ. ಹುಡುಗಿಯ ತಾಯಿ ಉಟ್ಟದ್ದಕ್ಕಿಂತ ಭಾರಿ ಸೀರೆ ಉಟ್ಟು ಅವರ ಪಕ್ಕ ಫೋಟೋಗೆ ನಿಂತರೆ ಅವರೇನೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅವರ ಕೈ ತಮ್ಮ ಸೆರಗನ್ನು ಸರಿಮಾಡಿಕೊಳ್ಳಲು ಹೋಗುವುದನ್ನು ನಾನು ಕಂಡಿದ್ದೇನೆ. ಅಂಥ ಮನೆಗೆ ಹೋಗುವಾಗ ಒಂದು ಸರ ಕಡಿಮೆ ಹಾಕಿಕೊಳ್ಳುವುದು ದೊಡ್ಡ ತ್ಯಾಗವಲ್ಲ.

ಉಟ್ಟದ್ದನ್ನೇ ಮತ್ತೆ ಉಡುವುದಕ್ಕೆ ಈಗ ನಾಚಿಕೆ ಹೆಚ್ಚಾಗಿದೆ. ಹೋದ ಮದುವೆಯ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತದಲ್ಲ, ಅದಕ್ಕೆ. ಕಾಲೇಜು ಓದುವ ಹುಡುಗಿಯರಂತೂ ಒಂದೇ ಮದುವೆಗೆ ಮೆಹಂದಿಗೊಂದು, ಆರತಕ್ಷತೆಗೊಂದು, ಧಾರೆಗೊಂದು ಎಂದು ಹಟ ಹಿಡಿಯುತ್ತಾರೆ. ಅವರನ್ನು ಗದರಿ ಪ್ರಯೋಜನವಿಲ್ಲ. ಅಕ್ಕ ತಂಗಿಯರು, ನಾದಿನಿ ಅತ್ತಿಗೆಯರು ಸೀರೆಗಳನ್ನು ಬದಲಾಯಿಸಿಕೊಂಡು ಉಡುವ ಹಳೆಯ ರೂಢಿಯನ್ನು ಅವರ ಕಣ್ಣೆದುರೇ ಮತ್ತೆ ನಡೆಸಬೇಕು. ಈ ಬೆಟ್ಟಸಾಲಿನಲ್ಲೇ, ಪಕ್ಕದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲಿ, ಆಡಂಬರವಿಲ್ಲದೆ ನಡೆಯಿತು. ಅದೇ ರೀತಿಯಲ್ಲಿ ಮದುವೆಯಾಗುವವರು ಇವತ್ತಿಗೂ ಇದ್ದಾರೆ. ಗಂಡು ಹೆಣ್ಣೇ ಅಷ್ಟು ಸರಳವಾಗಿ ನಿಲ್ಲಬಲ್ಲರಾದರೆ, ಊಟಕ್ಕೆ ಹೋಗುವ ನಾವು ಹೋದ ವರ್ಷದ ಸೀರೆ ಉಡಲು ಹಿಂದೆಮುಂದೆ ನೋಡಬೇಕೆ?

ಅಂಗಡಿಯ ಹುಡುಗನ ಮಾತಿಗೆ ಬರುತ್ತೇನೆ. ಐದೂವರೆ ಮೀಟರಿನ ಸೀರೆಯನ್ನು ಬಿಚ್ಚಲು ಒಂದು ಕ್ಷಣ ಸಾಕು. ಮಡಿಕೆ ಸೇರಿಸಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಚಲು ಎಷ್ಟು ಹೊತ್ತು ಬೇಕೆಂದು ಮನೆಯಲ್ಲಿ ಮಡಚುವ ನಮಗೇ ಗೊತ್ತು. ಅಂಗಡಿಯ ಹುಡುಗ ಹುಡುಗಿಯರು ಬೆಳಗಿನಿಂದ ರಾತ್ರಿ ಅಂಗಡಿ ಮುಚ್ಚುವವರೆಗೆ ಅದನ್ನೇ ಮಾಡುತ್ತಾರೆ, ಬಹುಪಾಲು ನಿಂತುಕೊಂಡೇ. ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಿದ್ದಿತು; 2021ರಲ್ಲಿ ತಮಿಳುನಾಡೂ ತಿದ್ದಿತು. ಕೂರುವುದಕ್ಕೂ ಕಾನೂನು ಬೇಕಾಯಿತು ಎಂಬುದನ್ನು ಗಾದಿಯ ಮೇಲೆ ಆರಾಮಾಗಿ ಕೂತ ನಾವು ಮರೆಯಬಾರದು. ಕೊಳ್ಳದ ಸೀರೆಯನ್ನು ಬಿಚ್ಚಿಸದಿರುವುದು, ಬೇಡವಾದದ್ದನ್ನು ಎಸೆಯದೆ ಪಕ್ಕಕ್ಕಿಡುವುದು, ಏನೂ ಕೊಳ್ಳದೆ ಎದ್ದಾಗಲೂ ‘ತೊಂದ್ರೆ ಕೊಟ್ವಿ ಕಣಪ್ಪ’ ಎಂದು ಹೇಳಿ ಬರುವುದು, ಇಷ್ಟನ್ನು ಮಕ್ಕಳ ಎದುರು ಮಾಡಿದರೆ ಬೇರೆ ನಡತೆಯ ಪಾಠ ಬೇಕಾಗುವುದಿಲ್ಲ. ಹೊರಗೆ ಬೈಕಿಗೆ ಒರಗಿ ‘ಇನ್ನೂ ಆಗಲಿಲ್ವಾ’ ಎಂದು ಫೋನು ಮಾಡುತ್ತಿರುವ ಗಂಡಸರು ಒಳಗೆ ಬಂದು ತಮ್ಮ ಪಂಚೆ, ಷರ್ಟನ್ನು ಅವತ್ತೇ ನೋಡಿಕೊಳ್ಳಲಿ. ಮದುವೆಯ ಹಿಂದಿನ ಸಂಜೆ ಸಕಲೇಶಪುರದ ಪೇಟೆಗೆ ಓಡುವುದು ತಪ್ಪುತ್ತದೆ.

ಹೊತ್ತಿಗೂ ಒಂದು ಗಡುವು ಇರಲಿ. ನಮಗಂತೂ ಅದು ತಾನಾಗಿಯೇ ಇದೆ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು, ಅಲ್ಲಿಂದ ಊರಿನ ಬಸ್ಸು, ಬಸ್ಸಿಳಿದು ತೋಟದ ದಾರಿ. ಆಲೂರು, ಸಕಲೇಶಪುರ ಎರಡೂ ತಾಲೂಕಿನಲ್ಲಿ ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು. ಹಾಗಾಗಿ ಮಧ್ಯಾಹ್ನ ಮೂರಕ್ಕೆಲ್ಲ ಅಂಗಡಿ ಬಿಡಲೇಬೇಕು. ಮೂರಕ್ಕೆ ಏಳಬೇಕೆಂದು ಗೊತ್ತಿದ್ದರೆ ಹನ್ನೆರಡಕ್ಕೇ ಮನಸ್ಸು ಒಂದು ಕಡೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಹತ್ತರವರೆಗೆ ಮಾಲಿನಲ್ಲಿ ಸುತ್ತುವ ನಮ್ಮ ಮಕ್ಕಳಿಗೆ ಆನೆಯ ಭಯವಿಲ್ಲ. ಅವರು ಗಡುವನ್ನು ತಾವೇ ಹಾಕಿಕೊಳ್ಳಬೇಕು.

ಸೀರೆ ಕೊಂಡ ದಿನವೇ ಟೈಲರ್ ಅಂಗಡಿಗೆ ಹೋಗಿಬನ್ನಿ. ಮದುವೆಗಳ ಕಾಲದಲ್ಲಿ ಎರಡು ಮೂರು ವಾರಕ್ಕೆ ಕಡಿಮೆ ಯಾರೂ ಒಪ್ಪುವುದಿಲ್ಲ. ಫಾಲು, ಜಿಗ್‌ಜಾಗ್, ಕುಚ್ಚು ಎಂದರೆ ಇನ್ನೂ ತಡ. ಮದುವೆಗೆ ಒಂದು ವಾರ ಮುಂಚಿನ ತಾರೀಖು ಕೊಡಿ, ಸರಿಪಡಿಸಲು ಸಮಯ ಸಿಗುತ್ತದೆ. ಅತ್ತಿಗೆ ಅಳತೆ ಕೊಟ್ಟಾದ ಮೇಲೆ ಎರಡೂ ಕೈ ಮೇಲೆತ್ತಿ ತೋರಿಸಿದರು. “ಕಂಕುಳ ಹತ್ರ ಒಂದರ್ಧ ಇಂಚು ಬಿಟ್ಟೇ ಹೊಲೀರಿ. ಬಕೆಟ್ ಎತ್ಬೇಕು.” ಟೈಲರ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಳತೆಯ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡರು.