ಕುಲದ ಗೋಡೆ ಜೀವಕೋಶದಲ್ಲಿಲ್ಲ

ಹೊಂಗಡಹಳ್ಳದ ನಮ್ಮ ಕಡೆ ಮದುವೆ ಮಾತು ಎದ್ದರೆ ಮೊದಲು ಕೇಳುವುದು ಕುಲ. ರಕ್ತ ಬೆರೆಯಬಾರದು ಎಂಬುದನ್ನು ಧರ್ಮವೆಂದೇ ಹೇಳುತ್ತಾರೆ. ನಾನು ದೇವರನ್ನು ನಂಬುವವಳು. ಆದ್ದರಿಂದಲೇ ಈ ಮಾತನ್ನು ಒರೆಗೆ ಹಚ್ಚದೆ ಒಪ್ಪಲಾರೆ. ಅದಕ್ಕೆ ನಮ್ಮ ಕಾಫಿ ತೋಟವೇ ಸಾಕು.

ಅರೇಬಿಕಾ ಗಿಡದ ಜೀವಕೋಶದಲ್ಲಿ 44 ವರ್ಣತಂತುಗಳಿವೆ, ರೊಬಸ್ಟಾದಲ್ಲಿ 22. ಅರೇಬಿಕಾ ಹುಟ್ಟಿದ್ದೇ ಬೆರಕೆಯಿಂದ. ಬಹಳ ಹಿಂದೆ ಆಫ್ರಿಕಾದಲ್ಲಿ ರೊಬಸ್ಟಾ ಮತ್ತು ಯುಜೆನಿಯಾಯ್ಡಿಸ್ ಎಂಬ ಎರಡು ಪ್ರಭೇದಗಳು ಕೂಡಿ, ಎರಡರ ವರ್ಣತಂತುಗಳೂ ಜೋಡಿಜೋಡಿಯಾಗಿ ಉಳಿದುಕೊಂಡವು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ನಮಗೆ ಕೊಟ್ಟ 795 ತಳಿಯಲ್ಲಿ ಮೂರನೆಯ ನಂಟೂ ಇದೆ: ಎಲೆತುಕ್ಕನ್ನು ತಾಳಿಕೊಳ್ಳುವ ಗುಣ ಅದಕ್ಕೆ ಬಂದದ್ದು ಲೈಬೀರಿಕಾ ಕಾಫಿಯಿಂದ.

ಹಾಗೆಂದು ಎಲ್ಲವೂ ಎಲ್ಲದರೊಡನೆ ಸುಲಭವಾಗಿ ಕೂಡುವುದಿಲ್ಲ. ಪರಾಗವೂ ಅಂಡವೂ ಆಗುವಾಗ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯಬೇಕು. ಅದಕ್ಕೆ ಮುಂಚೆ ಪ್ರತಿಯೊಂದಕ್ಕೂ ತನ್ನ ಜೊತೆ ಸಿಗಬೇಕು. ಅರೇಬಿಕಾದ 22, ರೊಬಸ್ಟಾದ 11 ಸೇರಿ 33 ಆದ ಗಿಡದಲ್ಲಿ ಹಲವು ಒಂಟಿಯಾಗುತ್ತವೆ. ಹೂ ಬಿಟ್ಟರೂ ಕಾಯಿ ಕಚ್ಚುವುದು ಅಪರೂಪ. ಪ್ರಕೃತಿ ಕಟ್ಟಿದ ಗೋಡೆ ಎಂದರೆ ಇದು.

ಮನುಷ್ಯರ ಕುಲಗಳ ನಡುವೆ ಈ ಗೋಡೆ ಇಲ್ಲ. ತೋಟದೊಡೆಯರ ಮನೆಯಲ್ಲಿ ಹುಟ್ಟಲಿ, ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಲಿ, ಮಗುವಿಗೆ ಸಾಮಾನ್ಯವಾಗಿ ತಾಯಿಯಿಂದ 23, ತಂದೆಯಿಂದ 23. ಒಂದು ಹೆಚ್ಚಾಗಿ 47 ಇರುವ ಮಕ್ಕಳೂ ಎಲ್ಲ ಕುಲಗಳಲ್ಲಿ ಹುಟ್ಟುತ್ತಾರೆ. ಯಾವ ಕುಲದ 23 ಯಾವ ಕುಲದ 23ನ್ನು ಸೇರಿದರೂ ಜೊತೆ ಸಿಗುತ್ತದೆ, ವಂಶ ಮುಂದುವರಿಯುತ್ತದೆ.

ಗೋತ್ರ ತಂದೆಯ ಕಡೆಯಿಂದ ಬರುತ್ತದೆ. ಬಿಸಿಲೆ ಘಾಟಿ ಇಳಿದರೆ ತುಳುವರ ಅನೇಕ ಮನೆಗಳಲ್ಲಿ ಬಳಿ ಎಂಬ ವಂಶದ ಗುರುತು ಬರುವುದು ತಾಯಿಯಿಂದ. ಎರಡೂ ಒಂದೊಂದೇ ಎಳೆಯ ಲೆಕ್ಕ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ಹಿರಿಯರ ಸ್ಥಾನಗಳು 1,024; ಗೋತ್ರ ನೆನಪಿಟ್ಟದ್ದು ಒಬ್ಬರನ್ನು.

12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕುಲ ಮೀರಿ ಮದುವೆಯಾಯಿತು, ಅದಕ್ಕಾಗಿ ಅಪ್ಪಂದಿರಿಬ್ಬರೂ ಪ್ರಾಣ ತೆತ್ತರು ಎನ್ನುತ್ತದೆ ಶರಣ ಪರಂಪರೆ. ಅವರಿಗೆ ವರ್ಣತಂತು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮನುಷ್ಯನ ಬೆಲೆ ವರ್ಣತಂತು ಎಣಿಸಿ ತಿಳಿಯುವಂಥದ್ದಲ್ಲ. ಆ ಎಣಿಕೆ ಹೇಳುವುದಿಷ್ಟೇ: ಬೇರೆ ಮಾಡಿದವರು ನಾವು. ನಾವು ಮಾಡಿದ್ದನ್ನು ದೇವರ ಮೇಲೆ ಹೊರಿಸುವುದೇ ಅಧರ್ಮ. ನಮ್ಮ ಮನೆಯ ಮಕ್ಕಳ ಮದುವೆಗೆ ನಾನು ಗುಣ ಕೇಳುತ್ತೇನೆ, ಕುಲ ಕೇಳುವುದಿಲ್ಲ.