ಹುಟ್ಟುಗುಣವೂ ಹೆತ್ತವರ ಕೈಯೂ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಕಲಬುರಗಿಯ ಜಗತ್ ಬಡಾವಣೆಯಲ್ಲಾಗಲಿ ಕಮಲಾಪುರದ ಓಣಿಯಲ್ಲಾಗಲಿ ಬಾಯಿಗೆ ಬರುವುದು ಕೈಚೆಲ್ಲುವ ಹೊತ್ತಿನಲ್ಲೇ. ಹಟ ಹಿಡಿದ ಕೂಸನ್ನು ಬೈದು ಬಡಿದು ಸಾಕಾದ ಮೇಲೆ ‘ಅದರ ಗುಣಾನೇ ಹಂಗ’ ಎಂದುಬಿಡುತ್ತೇವೆ. ಹುಟ್ಟುಗುಣ ಇರುವುದು ನಿಜ. ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ 1956ರಲ್ಲಿ ಅಧ್ಯಯನ ಆರಂಭಿಸಿ, ನೂರಕ್ಕೂ ಹೆಚ್ಚು ಮಕ್ಕಳನ್ನು ಹಾಲುಗಲ್ಲದಿಂದ ಹರೆಯದವರೆಗೆ ಗಮನಿಸಿದರು. ಶೇ. 40ರಷ್ಟು ಮಕ್ಕಳು ಸರಳ ಸ್ವಭಾವದವರು, ಶೇ. 10ರಷ್ಟು ಸಂಭಾಳಿಸಲು ಕಠಿಣ, ಶೇ. 15ರಷ್ಟು ಹೊಸದಕ್ಕೆ ನಿಧಾನವಾಗಿ ಒಗ್ಗುವವರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ. ಮುಖ್ಯವಾದದ್ದು ಇದರ ಮುಂದಿನ ಮಾತು. ಮಗುವಿಗೆ ತೊಂದರೆ ತಂದದ್ದು ಸ್ವಭಾವವೊಂದೇ ಅಲ್ಲ, ಆ ಸ್ವಭಾವಕ್ಕೂ ಮನೆಯವರ ನಡೆಗೂ ಹೊಂದಿಕೆ ತಪ್ಪಿದ್ದು. ಗಾದೆ ಸಾರುವುದು ಬಲಪ್ರಯೋಗದ ಸೋಲನ್ನು. ಆರೈಕೆಯೂ ಸೋಲುತ್ತದೆಂದು ಅದು ಹೇಳಿಲ್ಲ. ಕಮಲಾಪುರದ ಕೆಂಪು ಬಾಳೆ ಬೇರೆ ತಳಿಗಳಿಗಿಂತ ತಡವಾಗಿ ಗೊನೆ ಬಿಡುತ್ತದೆ. ಹಾಗೆಂದು ಯಾವ ರೈತನೂ ಅದಕ್ಕೆ ನೀರು ನಿಲ್ಲಿಸುವುದಿಲ್ಲ.

‘ಸಲಿಗಿ ಕೊಟ್ರ ತಲಿಮ್ಯಾಲ ಕೂಡ್ತಾವ’ ಎನ್ನುವವರಿದ್ದಾರೆ. ಕೇಳಿದ್ದೆಲ್ಲ ಕೊಡುವುದು ಬೇರೆ, ಅಳುವಿನ ಕಾರಣ ಅರಿತು ಸ್ಪಂದಿಸುವುದು ಬೇರೆ. ಬೇಡ ಎಂಬುದನ್ನು ಏಟಿಲ್ಲದೆಯೂ ಗಟ್ಟಿಯಾಗಿ ಹೇಳಬಹುದು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ದಿನವಿಡೀ ತೊಗರಿ ಹೊಲದಲ್ಲಿ ಕೂಲಿ ಮಾಡಿ ಬಂದ ತಾಯಿ ಅಷ್ಟು ತಾಳ್ಮೆಯನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪಾಲಕರು ಮಗುವನ್ನು ರೂಪಿಸುವಂತೆ ಮಗುವೂ ಪಾಲಕರನ್ನು ರೂಪಿಸುತ್ತದೆ. ಸದಾ ಅಳುವ ಕೂಸು ತಾಯಿಯನ್ನು ದಣಿಸುತ್ತದೆ, ದಣಿದವಳ ಕೈ ಬೇಗ ಮೇಲೇಳುತ್ತದೆ, ಏಟು ಬಿದ್ದ ಕೂಸು ಇನ್ನಷ್ಟು ಅಳುತ್ತದೆ. ಆಕೆಯನ್ನು ದೂರಿ ಫಲವಿಲ್ಲ, ನೆರವಾಗಬೇಕು. ನೆದರ್ಲೆಂಡ್ಸಿನಲ್ಲಿ ಡಿಂಫ್ನಾ ವಾನ್ ಡೆನ್ ಬೂಮ್ ಬಡಕುಟುಂಬಗಳ 100 ಕಿರಿಕಿರಿ ಕೂಸುಗಳನ್ನೇ ಆರಿಸಿಕೊಂಡು, ಅರ್ಧದಷ್ಟು ತಾಯಂದಿರಿಗೆ ಮಗುವಿನ ಸನ್ನೆ ಗುರುತಿಸಿ ಸ್ಪಂದಿಸುವುದನ್ನು ಮನೆಗೇ ಹೋಗಿ ಕಲಿಸಿದರು. ಅದಕ್ಕೆ ಬೇಕಾದದ್ದು ಮೂರೇ ಭೇಟಿ. 1994ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷ ತುಂಬುವಾಗ ಆ ಮಕ್ಕಳಲ್ಲಿ ಶೇ. 62ರಷ್ಟು ತಾಯಿಯನ್ನು ಭರವಸೆಯಿಂದ ನೆಚ್ಚಿಕೊಂಡಿದ್ದವು. ನೆರವು ಸಿಗದ ಗುಂಪಿನಲ್ಲಿ ಶೇ. 22 ಮಾತ್ರ.

ನಮ್ಮಲ್ಲಿ ಅಂಥ ಭೇಟಿಗೆ ದಾರಿ ಆಗಲೇ ಇದೆ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರಲ್ಲಿ. ಅಂಗನವಾಡಿಯಲ್ಲಿ ಮಗುವಿನ ತೂಕ ಬರೆದುಕೊಳ್ಳುತ್ತೇವೆ. ಹೊಸಬರನ್ನು ಕಂಡರೆ ಅದು ಏನು ಮಾಡುತ್ತದೆ, ಅತ್ತರೆ ಯಾವುದಕ್ಕೆ ಸಮಾಧಾನವಾಗುತ್ತದೆ ಎಂಬುದನ್ನೂ ತಾಯಿಯಿಂದ ಕೇಳಿ ಬರೆದುಕೊಳ್ಳಬೇಕು. ಬಾಗಿಲಲ್ಲೇ ಸೆರಗು ಹಿಡಿದು ನಿಂತ ಕೂಸನ್ನು ಎಳೆದೊಯ್ಯುವ ಬದಲು, ಮೊದಲ ಕೆಲವು ದಿನ ತಾಯಿಯೋ ಅಜ್ಜಿಯೋ ಒಳಗೆ ಅರ್ಧ ತಾಸು ಕೂಡಲು ಬಿಡಬೇಕು.